ಸಂಬಳವಿಲ್ಲದ ಬರಹಗಾರನ ಬಳಗ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಉತ್ತರಾಭಿಮುಖವಾಗಿ ಹರಿದು, ಹೊನ್ನಾಳಿಯನ್ನು ಸೋಂಕಿ, ಹರಿಹರವನ್ನು ಹಾಯ್ದು, ಮುಂದೆ ವರದಾ ನದಿಯನ್ನು ಕೂಡಿಕೊಳ್ಳುವ ಎಡೆಯಲ್ಲಿ ಗಳಗನಾಥವೆಂಬ ಗ್ರಾಮವೊಂದುಂಟು. ಅಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಹುಟ್ಟೂರಿನ ಹೆಸರಿನಿಂದಲೇ ಕನ್ನಡ ನಾಡಿಗೆಲ್ಲ ಪರಿಚಿತರಾದರು. ಹೊನ್ನಾಳಿ ಸೀಮೆಯ ಚರಿತ್ರೆಯೆಂದೊಡನೆ ನಮ್ಮ ನಾಲಗೆಗೆ ಬರುವುದು 1830-31ರ ನಗರದ ದಂಗೆ, ಊರಿನ ಹೆಸರಿಗೆ ಅಂಟಿಕೊಂಡ ‘ಹೊನ್ನಾಳಿ ಹೊಡೆತ’, ಹಿರೇಕಲ್ಮಠದ ಗುರುಪರಂಪರೆ. ಇವೆಲ್ಲ ಸ್ಮರಣೀಯವೇ ಹೌದು. ಆದರೆ ಇದೇ ಹೊಳೆಯ ಇಕ್ಕೆಲಗಳಲ್ಲಿ, ಯಾವ ಸರ್ಕಾರದ ಸಂಬಳವನ್ನೂ ನೆಚ್ಚದೆ ಲೇಖನಿಯೊಂದನ್ನೇ ನೇಗಿಲು ಮಾಡಿಕೊಂಡವರು ಹೇಗೆ ಬದುಕಿದರು, ಯಾರ ಆಸರೆಯಿಂದ ಬದುಕಿದರು ಎಂಬ ವೃತ್ತಾಂತವನ್ನೂ ಚರಿತ್ರೆಯೆಂದು ಎಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಗಳಗನಾಥರು ಮೊದಲು ಶಾಲಾಶಿಕ್ಷಕರಾಗಿದ್ದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥಗಳಿಗೆ ಬಹುಮಾನ ಕೊಡುವ ಪದ್ಧತಿಯನ್ನು ಆರಂಭಿಸಿದಾಗ, ಅವರ ‘ಪ್ರಬುದ್ಧ ಪದ್ಮನಯನೆ’ಗೆ ಅದು ದೊರಕಿತು. ಆ ಬಹುಮಾನದ ಹಣ ಎಷ್ಟೇ ಅಲ್ಪವಾಗಿರಲಿ, ಮರಾಠಿಯೇ ಮೆರೆಯುತ್ತಿದ್ದ ಮುಂಬಯಿ ಪ್ರಾಂತದಲ್ಲಿ ಕನ್ನಡದಲ್ಲಿ ಬರೆಯುವವನು ಒಂಟಿಯಲ್ಲವೆಂಬ ಧೈರ್ಯವನ್ನು ಅದು ತುಂಬಿತು. ಮುಂದೆ ಅವರು ನೌಕರಿಯನ್ನು ತೊರೆದು, ಹಾವೇರಿಯ ಬಳಿಯ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವನ್ನು ಆಶ್ರಯಿಸಿ, ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯನ್ನು ನಡೆಸಿದರು; ಅವರ ಕಾದಂಬರಿಗಳು ಅದರ ಮೂಲಕ ಮನೆಮನೆಯನ್ನು ಹೊಕ್ಕವು. ಮಠವು ನೆಲೆಯನ್ನು ಕೊಟ್ಟಿತು, ಚಂದಾದಾರರು ಅನ್ನವನ್ನು ಕೊಟ್ಟರು.

ಚಂದಾದಾರನೆಂದರೆ ಯಾರು? ಇನ್ನೂ ಅಚ್ಚಾಗದ, ಬಹುಶಃ ಇನ್ನೂ ಬರೆದೇ ಇರದ ಪುಟಗಳಿಗೆ ಮುಂಗಡವಾಗಿ ಹಣ ತೆತ್ತು, ಲೇಖಕನ ಮಾತಿನ ಮೇಲೆ ಭರವಸೆಯಿಟ್ಟು ವರ್ಷವಿಡೀ ಕಾದು ಕುಳಿತವನು. ಗ್ರಾಮದ ಶಾನುಭೋಗನೋ, ಶಾಲೆಯ ಮೇಷ್ಟರೋ, ಅಡಕೆಯ ವ್ಯಾಪಾರಿಯೋ ಆಗಿದ್ದ ಅವನಿಗೂ ಲೇಖಕನಿಗೂ ಮುಖಪರಿಚಯವಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ಅಂಚೆಯೊಂದೇ. ಹೊನ್ನಾಳಿ ಆಗ ಮೈಸೂರು ಸಂಸ್ಥಾನದ ಅಂಚಿನ ತಾಲ್ಲೂಕು. ಗಡಿಯಾಚೆಗಿನ ರಾಣೇಬೆನ್ನೂರು, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ರಾಜ್ಯಗಳು ಬೇರೆ, ಕಾನೂನು ಬೇರೆ, ಶಾಲೆಯ ಪಠ್ಯಪುಸ್ತಕಗಳೂ ಬೇರೆಯಾಗಿದ್ದ ಆ ದಿನಗಳಲ್ಲಿ, 1889ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾದದ್ದು ಕನ್ನಡ ಲೇಖಕನ ಪಾಲಿಗೆ ಅನಿರೀಕ್ಷಿತವಾದ ಉಪಕಾರವಾಯಿತು. ಗಡಿಯ ಎರಡು ಕಡೆಗೂ ಈಗ ಒಂದೇ ಟಪ್ಪಾಲು.

ಇದರಲ್ಲಿ ವಿ.ಪಿ. (ವ್ಯಾಲ್ಯೂ ಪೇಯಬಲ್) ಪದ್ಧತಿಯ ಪಾತ್ರವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. 1877ರಿಂದ ಜಾರಿಯಲ್ಲಿದ್ದ ಈ ಏರ್ಪಾಡಿನಂತೆ, ಲೇಖಕನು ಪುಸ್ತಕವನ್ನು ಕಟ್ಟಿ, ಮೇಲೆ ಬೆಲೆಯನ್ನು ಬರೆದು, ತನ್ನೂರಿನ ಅಂಚೆಮನೆಯಲ್ಲಿ ಒಪ್ಪಿಸುವನು. ಆ ಕಟ್ಟು ಬಂಡಿಯನ್ನೇರಿ, ಚೀಲ ಹೊತ್ತವನ ಹೆಗಲನ್ನೇರಿ ಊರು ತಲುಪಿದಾಗ, ಅಂಚೆಯವನು ಜಗಲಿಯ ಮೇಲೆ ಕುಳಿತು ರಸೀತಿಗೆ ಸಹಿ ಮಾಡಿಸಿ, ಹಣವನ್ನು ಎಣಿಸಿಕೊಂಡ ಮೇಲೆಯೇ ಕಟ್ಟನ್ನು ಕೈಗೆ ಕೊಡುವನು. ಆ ಹಣವು ಮನಿಯಾರ್ಡರಾಗಿ ಲೇಖಕನಿಗೆ ಮರಳುವುದು. ನಡುವೆ ಅಂಗಡಿಯಿಲ್ಲ, ದಲಾಲಿಯಿಲ್ಲ. ಆದರೆ ಊರಿನಾತ ವಿ.ಪಿ. ಬಿಡಿಸಿಕೊಳ್ಳದೆ ಹಿಂದಿರುಗಿಸಿದರೆ, ಹೋದ ವೆಚ್ಚ ಬರೆದವನ ತಲೆಗೇ ಬರುತ್ತಿತ್ತು. ಹಾಗೆ ಮರಳಿದ ಕಟ್ಟುಗಳು ಬಡ ಲೇಖಕನ ಮನೆಯ ಮೂಲೆಯಲ್ಲಿ ಬೆಳೆಯುತ್ತ ಹೋದರೆ ಸಂಸಾರ ಕುಸಿಯುತ್ತಿತ್ತು. ‘ವಿ.ಪಿ. ಬಿಡಿಸಿಕೊಳ್ಳಿರಿ’ ಎಂಬ ಪ್ರಾರ್ಥನೆಯ ಹಿಂದೆ ಮನೆಯ ಒಲೆಯ ಪ್ರಶ್ನೆಯೇ ಇರುತ್ತಿತ್ತು.

ಅಂಚೆಯೂ ಸಾಲದಾದಾಗ ಗಳಗನಾಥರು ತಾವೇ ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ, ಮನೆಯ ಬಾಗಿಲಲ್ಲಿ ನಿಂತು ಮಾರಿದರು. ಕನ್ನಡ ಕಾದಂಬರಿಯ ಪಿತಾಮಹರೆಂದು ನಾವು ಇಂದು ಗೌರವಿಸುವ ಮಹನೀಯರು ಬಿಸಿಲಿನಲ್ಲಿ ಗಂಟು ಹೊತ್ತು ನಡೆಯಬೇಕಾಯಿತೆಂಬುದನ್ನು ನೆನೆದಾಗ ಎದೆ ಕಲಕುತ್ತದೆ. ಆದರೂ ಆ ನಡಿಗೆಯನ್ನು ಕೇವಲ ದಾರಿದ್ರ್ಯದ ಚಿತ್ರವೆಂದು ತಿಳಿಯುವುದು ನ್ಯಾಯವಲ್ಲ; ಓದುಗನ ಮುಖವನ್ನು ಕಣ್ಣಾರೆ ಕಂಡು, ಅವನ ಮನೆಯ ಮಜ್ಜಿಗೆಯನ್ನು ಕುಡಿದು, ಕಳೆದ ಪುಸ್ತಕದ ಬಗೆಗೆ ಅವನ ಮಾತನ್ನು ಕೇಳುವ ಭಾಗ್ಯ ಎಷ್ಟು ಲೇಖಕರಿಗೆ ಒದಗಿದೆ? 1942ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ, ಕನ್ನಡದಲ್ಲಿ ಕಾದಂಬರಿ ಓದುವ ಜನಸಮುದಾಯವೊಂದು ನಿರ್ಮಾಣವಾಗಿತ್ತು.

ಓದುಗರ ಬಳಗದ ಪಕ್ಕದಲ್ಲಿಯೇ ಬರಹಗಾರರ ಬಳಗವೂ ಬೆಳೆಯತೊಡಗಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಜನ್ಮ ತಾಳಿದ ಮೇಲೆ, ವಾರ್ಷಿಕ ಸಮ್ಮೇಳನಗಳೇ ಚದುರಿಹೋದ ಲೇಖಕರು ಪರಸ್ಪರ ಕಾಣುವ ಜಾತ್ರೆಗಳಾದವು. ಹೊನ್ನಾಳಿಗೆ ನೆರೆಯ ದಾವಣಗೆರೆಯಲ್ಲಿ 1922ರಲ್ಲಿ ಸಮ್ಮೇಳನ ನೆರೆದಾಗ ಅಧ್ಯಕ್ಷರಾದವರು ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು, ಪತ್ರಿಕೆಗಳನ್ನು ನಡೆಸಿ, 1908ರ ಮೈಸೂರಿನ ಪತ್ರಿಕಾ ಕಾನೂನನ್ನು ಪ್ರತಿಭಟಿಸಿದ ಧೀರರು. ಹೊನ್ನಾಳಿ ಸೇರಿದ್ದ ಶಿವಮೊಗ್ಗ ಜಿಲ್ಲೆಯ ಕೇಂದ್ರದಲ್ಲಿಯೇ 1943ರಲ್ಲಿ ಸಮ್ಮೇಳನ ನಡೆದಾಗ ಆ ಪೀಠದಲ್ಲಿ ಕುಳಿತವರು ದ. ರಾ. ಬೇಂದ್ರೆಯವರು. ‘ನರಬಲಿ’ ಎಂಬ ಕವನಕ್ಕಾಗಿ ಸೆರೆಮನೆಯನ್ನು ಕಂಡು, ವರ್ಷಗಳ ಕಾಲ ಸ್ಥಿರವಾದ ಜೀವನೋಪಾಯವಿಲ್ಲದೆ ಸಂಸಾರ ತೂಗಿಸಿದ್ದ ಈ ಕವಿಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅಧ್ಯಾಪಕ ಪದವಿ ದೊರೆತದ್ದು 1944ರಲ್ಲಿ. ಆ ಕಷ್ಟಕಾಲದಲ್ಲಿ ಅವರ ಬೆನ್ನಿಗಿದ್ದುದು ಧಾರವಾಡದ ಗೆಳೆಯರ ಗುಂಪಿನ ಸ್ನೇಹ. ಆ ವಾತಾವರಣದಿಂದಲೇ 1933ರಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಹುಟ್ಟಿ, ಮುಂಗಡ ಚಂದಾ ಪಡೆದು ಪುಸ್ತಕ ಕೊಡುವ ಹಳೆಯ ಪದ್ಧತಿಗೆ ಹೊಸ ಕಳೆ ತಂದಿತು.

ಮಲೆಬೆನ್ನೂರು ಹೊನ್ನಾಳಿಗೆ ಹತ್ತಿರದ ಊರು. ಅಲ್ಲಿ 1920ರಲ್ಲಿ ಹುಟ್ಟಿದ ತ. ರಾ. ಸುಬ್ಬರಾಯರು, ಸ್ವಾತಂತ್ರ್ಯ ಚಳವಳಿಗೆ ಧುಮುಕಿ ವಿದ್ಯಾಭ್ಯಾಸವನ್ನು ಬಿಟ್ಟು, ಪತ್ರಿಕೆಗಳಲ್ಲಿ ದುಡಿದು, ಬಳಿಕ ಲೇಖನಿಯನ್ನೇ ನಂಬಿ ಬಾಳಿದರು. ಅವರ ಪಾಲಿಗೆ ಬಳಗವಾಗಿ ಒದಗಿದ್ದು ಅ. ನ. ಕೃಷ್ಣರಾಯರು ಮುಂದಾಳಾಗಿದ್ದ ಪ್ರಗತಿಶೀಲ ಚಳವಳಿ. ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದವರೂ ಅಲ್ಲಿದ್ದರು. ಬರವಣಿಗೆಯನ್ನು ವೃತ್ತಿಯೆಂದು ಎದೆತಟ್ಟಿ ಹೇಳಿಕೊಂಡವರು ಇವರು. ಸಿದ್ಧಾಂತದ ವಾದವಿವಾದಗಳನ್ನು ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಅದಕ್ಕಿಂತ ಮಿಗಿಲಾಗಿ, ಒಬ್ಬರ ಹೆಸರನ್ನು ಮತ್ತೊಬ್ಬರು ವೇದಿಕೆಯಿಂದ ವೇದಿಕೆಗೆ ಒಯ್ದ ಅವರ ಸೌಹಾರ್ದವೇ ನನಗೆ ದೊಡ್ಡದಾಗಿ ತೋರುತ್ತದೆ. ಕಾದಂಬರಿಗಳನ್ನು ಧಾರಾವಾಹಿಯಾಗಿ ಪ್ರಕಟಿಸುವ ವಾರಪತ್ರಿಕೆಗಳು ಬಂದವು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಳಿಕ ಸರ್ಕಾರದ ಸಗಟು ಖರೀದಿಯೂ ಬಂದಿತು. ಸುಬ್ಬರಾಯರ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದದ್ದು ಮಾತ್ರ ಅವರು 1984ರಲ್ಲಿ ತೀರಿಕೊಂಡ ಮೇಲೆ.

1997ರಲ್ಲಿ ಹೊನ್ನಾಳಿಯು ಶಿವಮೊಗ್ಗವನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಯನ್ನು ಸೇರಿತು. ನ್ಯಾಮತಿಯೂ ಮುಂದೆ ಪ್ರತ್ಯೇಕ ತಾಲ್ಲೂಕಾಯಿತು. ಇಂದು ಈ ಸೀಮೆಯ ಹಳ್ಳಿಯೊಂದರಲ್ಲಿ ಕುಳಿತು ಅನುವಾದವನ್ನೋ ಅಂಕಣವನ್ನೋ ಬರೆದು ಜೀವಿಸಬಯಸುವ ಯುವಕ ಯುವತಿಯರಿಗೆ, ಯಾವ ಪತ್ರಿಕೆ ಸಂಭಾವನೆ ಕೊಡುತ್ತದೆ, ಎಂತಹ ಕರಾರಿಗೆ ಸಹಿ ಹಾಕಬಾರದು ಎಂಬುದನ್ನು ತಿಳಿಸಿ, ಕರಡನ್ನು ಓದಿ ತಿದ್ದಿಕೊಡುವ ಗೆಳೆಯರು ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿಯೇ ಸಿಗಬಲ್ಲರು. ಹಿಂದೆ ಸಮ್ಮೇಳನಕ್ಕಾಗಿ ವರ್ಷವಿಡೀ ಕಾಯಬೇಕಾಗಿದ್ದ ಸಂಗವು ಈಗ ಸಂಜೆಯ ಮಾತುಕತೆಯಾಗಿದೆ. ಇದು ಸಂತೋಷಪಡತಕ್ಕ ಸಂಗತಿ. ಆದರೆ ಬರಹಗಾರರ ಸ್ನೇಹವು ಬರಹಗಾರನ ಮನಸ್ಸನ್ನು ಕಾಪಾಡಬಲ್ಲದೇ ಹೊರತು ಅವನ ಒಲೆಯನ್ನು ಉರಿಸಲಾರದು. ಆ ಕೆಲಸ ಅಂದು ಚಂದಾದಾರನದಾಗಿತ್ತು, ಇಂದೂ ಅವನದೇ. ಅದೇ ಮೊಬೈಲಿನಲ್ಲಿ ಹೊಸ ಪುಸ್ತಕದ ಪುಟಗಳ ಚಿತ್ರ ತೆಗೆದು ಬಿಟ್ಟಿಯಾಗಿ ಹಂಚುವವರೂ ನಮ್ಮವರೇ ಆಗಿದ್ದಾರೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳ ಓದುಗ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ: ನಿಮ್ಮ ಸೀಮೆಯಲ್ಲಿ ಬರೆದು ಬಾಳಲು ಹೊರಟವರು ಯಾರೆಂದು ವಿಚಾರಿಸಿರಿ, ಅವರ ಮುಂದಿನ ಪುಸ್ತಕಕ್ಕೆ ಈಗಲೇ ಹಣ ಕೊಟ್ಟು ಹೆಸರು ಬರೆಸಿರಿ.