ಅಗೆಯದೆ ಬದಲಾದ ಕೊಳವೆಗಳು: ಬ್ರಿಟನ್ನಿನ ಅನಿಲ ಮಾರ್ಗಗಳ ಚರಿತ್ರೆಯಿಂದ ಒಂದು ವಿಚಾರ

ನಗರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನೆಲದ ಮೇಲೆ ನಿಂತಿರುವುದನ್ನು ಕುರಿತು ಬರೆಯುತ್ತಾರೆ. ಕೋಟೆ, ಅರಮನೆ, ದೇವಾಲಯ, ಪೇಟೆಬೀದಿ ಇವುಗಳ ವೃತ್ತಾಂತವು ನಮ್ಮ ಪಠ್ಯಗಳಲ್ಲಿ ವಿಪುಲವಾಗಿ ದೊರೆಯುತ್ತದೆ. ನೆಲದೊಳಗೆ ಹುದುಗಿರುವ ಕೊಳವೆಗಳ ವೃತ್ತಾಂತವಾದರೋ ಯಂತ್ರಶಿಲ್ಪಿಗಳಿಗೆ ಸೇರಿದುದೆಂದು ಬದಿಗೆ ಸರಿದಿದೆ. ಅದಲ್ಲದೆ, ಒಂದು ವಸ್ತುವನ್ನು ಮೊದಲು ನಿರ್ಮಿಸಿದವರಾರೆಂದು ಕೇಳುವ ನಾವು, ಅದು ಹಳತಾದಾಗ ಅದನ್ನು ಬದಲಿಸಿದವರಾರು, ಹೇಗೆ ಬದಲಿಸಿದರು ಎಂದು ಕೇಳುವುದು ವಿರಳ. ರಸ್ತೆಯುದ್ದಕ್ಕೂ ಕಂದಕವನ್ನು ತೋಡದೆ ಹಳೆಯ ಕೊಳವೆಯ ಸ್ಥಾನದಲ್ಲಿ ಹೊಸದನ್ನು ಇಡುವ ವಿಧಾನವು ಬ್ರಿಟನ್ನಿನಲ್ಲಿ ಹೇಗೆ ಹುಟ್ಟಿತೆಂಬುದನ್ನೂ, ಅದರಿಂದ ಚರಿತ್ರೆಯ ಅಭ್ಯಾಸಿಗಳಿಗೆ ಒದಗಿದ ಹೊಣೆ ಯಾವುದೆಂಬುದನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಲಂಡನ್ನಿನ ಪಾಲ್‌ಮಾಲ್ ಬೀದಿಯಲ್ಲಿ 1807ರಲ್ಲಿ ಅನಿಲದ ದೀಪಗಳು ಉರಿದುವು. 1812ರಲ್ಲಿ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿಗೆ ರಾಜಸನ್ನದು ದೊರೆಯಿತು. ಅಲ್ಲಿಂದ ಮುಂದೆ ಒಂದೊಂದಾಗಿ ಆ ದೇಶದ ಊರುಗಳೆಲ್ಲ ಕಲ್ಲಿದ್ದಲಿನಿಂದ ತೆಗೆದ ಅನಿಲವನ್ನು ಪಡೆದುವು. ಈ ಅನಿಲವನ್ನು ಹರಿಯಿಸಲು ಎರಕದ ಕಬ್ಬಿಣದ ಕೊಳವೆಗಳನ್ನು ಹೇರಳವಾಗಿ ಹೂಳಲಾಯಿತು. ಎರಕದ ಕಬ್ಬಿಣವು ಗಟ್ಟಿಯಾದುದು, ದೀರ್ಘಕಾಲ ಬಾಳತಕ್ಕುದು. ಆದರೆ ಅದು ಬಾಗಲಾರದು, ಒತ್ತಡವು ಮಿತಿಮೀರಿದರೆ ಒಡೆಯುತ್ತದೆ. ಕೊಳವೆಗೂ ಕೊಳವೆಗೂ ನಡುವಣ ಸಂದಿಯನ್ನು ನಾರಿನ ಹುರಿಯಿಂದ ತುಂಬಿ, ಅದರ ಮೇಲೆ ಕರಗಿದ ಸೀಸವನ್ನು ಹೊಯ್ದು ಬಿಗಿಗೊಳಿಸುವುದು ಅಂದಿನ ರೂಢಿ. ಕಲ್ಲಿದ್ದಲ ಅನಿಲದಲ್ಲಿದ್ದ ತೇವವು ಆ ನಾರನ್ನು ಉಬ್ಬಿಸಿ, ಸಂದಿಯನ್ನು ಬಿಗಿಯಾಗಿ ಉಳಿಸುತ್ತಿತ್ತು. ಹೀಗೆ, ಹರಿಯುವ ವಸ್ತುವೇ ತನ್ನ ಮಾರ್ಗವನ್ನು ಕಾಪಾಡುತ್ತಿತ್ತೆಂದು ಹೇಳಬಹುದು.

1965ರಲ್ಲಿ ಉತ್ತರ ಸಮುದ್ರದ ಬ್ರಿಟಿಷ್ ಭಾಗದಲ್ಲಿ ನೈಸರ್ಗಿಕ ಅನಿಲವು ದೊರೆತುದರಿಂದ ಈ ಸ್ಥಿತಿಯು ಪಲ್ಲಟವಾಯಿತು. 1967ರಿಂದ 1977ರವರೆಗೆ, ಮನೆಮನೆಗೂ ಹೋಗಿ ಸುಮಾರು 4 ಕೋಟಿ ಒಲೆ ಮೊದಲಾದ ಉಪಕರಣಗಳನ್ನು ಹೊಸ ಅನಿಲಕ್ಕೆ ಹೊಂದಿಸಲಾಯಿತು. ಆ ಕಾರ್ಯವನ್ನು ಚರಿತ್ರಕಾರರು ಶ್ಲಾಘಿಸಿರುವುದು ಉಚಿತವೇ ಸರಿ. ಆದರೆ ಉಪಕರಣಗಳು ಬದಲಾದರೂ ಬೀದಿಯ ಕೆಳಗಣ ಕೊಳವೆಗಳು ಬಹುಮಟ್ಟಿಗೆ ಹಿಂದಿನವೇ ಆಗಿದ್ದುವು. ನೈಸರ್ಗಿಕ ಅನಿಲವು ಒಣಗಿದ ಅನಿಲ. ಅದು ಹರಿದಂತೆಲ್ಲ ಸಂದಿಗಳ ನಾರು ಒಣಗಿ ಕುಗ್ಗಿತು, ಸೋರಿಕೆಯು ಹೆಚ್ಚಿತು. ಮತ್ತೊಂದು ಕಡೆ, ನೆಲವು ಕದಲಿದಾಗ ಹಳೆಯ ಕೊಳವೆಗಳು ಬಿರಿಯುತ್ತಿದ್ದುವು. 1976–77ರ ಚಳಿಗಾಲದಲ್ಲಿ ಅನೇಕ ಸ್ಫೋಟಗಳು ಸಂಭವಿಸಲಾಗಿ, ಸರ್ಕಾರವು ವಿಚಾರಣೆಯನ್ನು ನಡೆಯಿಸಿತು. ಅದರ ವರದಿಯು 1977ರಲ್ಲಿ ಪ್ರಕಟವಾಯಿತು. ಹಳೆಯ ಕಬ್ಬಿಣವನ್ನು ತೆಗೆದುಹಾಕುವ ಕಾರ್ಯವು ಇನ್ನು ಮುಂದೂಡತಕ್ಕುದಾಗಿರಲಿಲ್ಲ.

ಇಲ್ಲಿ ಒಂದು ತೊಡಕು ಎದುರಾಯಿತು. ಮೊದಲು ಕೊಳವೆಯನ್ನು ಹೂಳಿದ ಕಾಲದ ಬೀದಿಯಲ್ಲಿ ಕುದುರೆಗಾಡಿಗಳು ಓಡುತ್ತಿದ್ದುವು. ನೆಲದೊಳಗೆ ಸ್ಥಳವು ಧಾರಾಳವಾಗಿತ್ತು. ನೂರು ವರ್ಷಗಳ ತರುವಾಯ ಅದೇ ಬೀದಿಯ ಮೇಲೆ ಮೋಟಾರುಗಳ ದಟ್ಟಣೆ. ಕೆಳಗೆ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ತಿನ ತಂತಿ, ದೂರವಾಣಿಯ ತಂತಿ ಇವುಗಳ ಸಂದಣಿ. ಹೀಗಿರುವಲ್ಲಿ ರಸ್ತೆಯುದ್ದಕ್ಕೂ ಅಗೆದು, ಮಣ್ಣನ್ನು ಸಾಗಿಸಿ, ಮತ್ತೆ ತುಂಬಿ, ಕಲ್ಲು ಹಾಸಿ ಸರಿಪಡಿಸುವ ವೆಚ್ಚವು ಕೊಳವೆಯ ಬೆಲೆಯನ್ನು ಎಷ್ಟೋ ಮೀರುತ್ತಿತ್ತು. ಆದಕಾರಣ, ಹಳೆಯ ಕೊಳವೆಯಲ್ಲಿ ಇನ್ನೂ ಬೆಲೆಯುಳ್ಳದ್ದೇನಾದರೂ ಇದ್ದರೆ ಅದು ಅದರ ಕಬ್ಬಿಣವಲ್ಲ, ನೆಲದೊಳಗೆ ಅದು ಗಳಿಸಿಕೊಂಡಿದ್ದ ದಾರಿಯೇ ಎಂಬ ತತ್ತ್ವವು ಸ್ಪಷ್ಟವಾಯಿತು.

ಈ ತತ್ತ್ವದ ಒಂದು ಪ್ರಯೋಗವು ಒಳಚರಂಡಿಯಲ್ಲಿ ನಡೆದಿತ್ತು. 1971ರಲ್ಲಿ ಎರಿಕ್ ವುಡ್ ಎಂಬವರು ಲಂಡನ್ನಿನ ಹ್ಯಾಕ್ನಿ ಭಾಗದ ಇಟ್ಟಿಗೆಯ ಹಳೆಯ ಚರಂಡಿಯೊಂದರೊಳಕ್ಕೆ ರಾಳದಲ್ಲಿ ನೆನೆಸಿದ ಬಟ್ಟೆಯ ನಾಳವನ್ನು ಸೇರಿಸಿ, ಅದು ಅಲ್ಲಿಯೇ ಗಟ್ಟಿಯಾಗುವಂತೆ ಮಾಡಿದರು. ಅದು ಹಳೆಯದಕ್ಕೆ ಒಳಗವಚವನ್ನು ತೊಡಿಸುವ ವಿಧಾನ. ಹಳೆಯದನ್ನು ತೊಲಗಿಸಿ ಹೊಸದನ್ನು ಇಡುವ ವಿಧಾನವು ಅದೇ ದಶಕದ ಕೊನೆಯಲ್ಲಿ, ಬ್ರಿಟಿಷ್ ಗ್ಯಾಸ್ ಸಂಸ್ಥೆಯೂ ಡಿ. ಜೆ. ರಯನ್ ಎಂಬ ಗುತ್ತಿಗೆ ಸಂಸ್ಥೆಯೂ ಕೂಡಿ ನಡೆಸಿದ ಪ್ರಯತ್ನದಿಂದ ಸಿದ್ಧಿಸಿತು. ಮೊದಲು ಅದನ್ನು 3 ಮತ್ತು 4 ಅಂಗುಲದ ಅನಿಲ ಕೊಳವೆಗಳಿಗೆ ಅನ್ವಯಿಸಲಾಯಿತು. ಅದರ ಕ್ರಮವು ಹೀಗಿದೆ: ಕೊಳವೆಯ ಎರಡು ತುದಿಗಳಲ್ಲಿ ಮಾತ್ರ ಗುಂಡಿಗಳನ್ನು ತೋಡುತ್ತಾರೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಳೆಯ ಕೊಳವೆಯೊಳಗಿನಿಂದಲೇ ಉಕ್ಕಿನ ಹಗ್ಗವನ್ನು ಹಾಯಿಸುತ್ತಾರೆ. ಹಗ್ಗದ ತುದಿಗೆ ಶಂಕುವಿನ ಆಕಾರದ ಮೂತಿಯುಳ್ಳ, ಒತ್ತಿದ ಗಾಳಿಯ ಬಲದಿಂದ ಬಡಿಯುವ ಸುತ್ತಿಗೆಯನ್ನು ಕಟ್ಟಿ ಎಳೆಯುತ್ತಾರೆ. ಅದು ಮುಂದುವರಿದಂತೆ ಹಳೆಯ ಕಬ್ಬಿಣವು ಚೂರುಚೂರಾಗಿ ಸುತ್ತಲಿನ ಮಣ್ಣಿನೊಳಕ್ಕೆ ಒತ್ತಲ್ಪಡುತ್ತದೆ. ಅದರ ಬೆನ್ನಿಗೇ ಹೊಸ ಪಾಲಿಎಥಿಲೀನ್ ಕೊಳವೆಯು ಎಳೆಯಲ್ಪಟ್ಟು ಬರುತ್ತದೆ. 1933ರಲ್ಲಿ ಇಂಗ್ಲೆಂಡಿನ ವಿನ್ನಿಂಗ್‌ಟನ್ ಪ್ರಯೋಗಶಾಲೆಯಲ್ಲಿ ಕಂಡುಬಂದ ಈ ದ್ರವ್ಯವು ಬಾಗಬಲ್ಲುದು. ತುಂಡುಗಳ ಅಂಚನ್ನು ಕಾಯಿಸಿ ಬೆಸೆದರೆ ಉದ್ದನೆಯ ಒಂದೇ ಕೊಳವೆಯಾಗಬಲ್ಲುದು. ಎರಕದ ಕಬ್ಬಿಣವನ್ನು ಅಪಾಯಕಾರಿಯನ್ನಾಗಿ ಮಾಡಿದ್ದ ಒಡೆಯುವ ಗುಣವೇ ಅದನ್ನು ತೊಲಗಿಸುವ ಉಪಾಯಕ್ಕೆ ಆಧಾರವಾದುದು ಗಮನಾರ್ಹ.

ಈ ವಿಧಾನಕ್ಕೆ ಮಿತಿಗಳಿಲ್ಲವೆಂದು ಭಾವಿಸಲಾಗದು. ಮನೆಗಳಿಗೆ ಹೋಗುವ ಕವಲುಗಳನ್ನು ಹೊಸ ಕೊಳವೆಗೆ ಜೋಡಿಸಲು ಅಲ್ಲಲ್ಲಿ ಸಣ್ಣ ಗುಂಡಿಗಳನ್ನು ತೋಡಲೇಬೇಕು. ಸರಿಯುವ ಮಣ್ಣು ಪಕ್ಕದ ಕೊಳವೆಗೆ ಧಕ್ಕೆ ತರಬಹುದು. ಆಳವು ಸಾಲದಿದ್ದರೆ ರಸ್ತೆಯ ಮೈಯೇ ಉಬ್ಬಬಹುದು. ಆದುದರಿಂದ ನೆಲದೊಳಗೆ ಎಲ್ಲಿ ಏನಿದೆಯೆಂಬ ಜ್ಞಾನವು ಈ ಕಾರ್ಯಕ್ಕೆ ಮೊದಲು ಬೇಕಾದ ಸಾಧನ.

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಈ ವಿಷಯವು ತಾಗುವುದು ಇಲ್ಲಿಯೇ. ನಗರದಲ್ಲಿ ತೋಡಿದ ಕಂದಕವು ಕೇವಲ ಉಪದ್ರವವಾಗಿರಲಿಲ್ಲ. ಅದು ಚರಿತ್ರೆಯ ಆಕರವೂ ಆಗಿತ್ತು. 19ನೆಯ ಶತಮಾನದಲ್ಲಿ ಲಂಡನ್ನಿನ ಔಷಧಿವ್ಯಾಪಾರಿ ಚಾರ್ಲ್ಸ್ ರೋಚ್ ಸ್ಮಿತ್ ಎಂಬವರು ಚರಂಡಿಗಾಗಿಯೂ ಕಟ್ಟಡಗಳಿಗಾಗಿಯೂ ಅಗೆಯುತ್ತಿದ್ದ ಕಡೆಗಳಿಗೆ ಹೋಗಿ, ಅಲ್ಲಿ ಹೊರಬಿದ್ದ ರೋಮನ್ ಕಾಲದ ವಸ್ತುಗಳನ್ನು ಸಂಗ್ರಹಿಸಿದರು. 1856ರಲ್ಲಿ ಬ್ರಿಟಿಷ್ ಮ್ಯೂಸಿಯಮ್ ಆ ಸಂಗ್ರಹವನ್ನು ಕೊಂಡುಕೊಂಡಿತು. ರೋಮನ್ನರ ಲಂಡನ್ನನ್ನು ಕುರಿತ ನಮ್ಮ ತಿಳಿವಳಿಕೆಯ ಒಂದು ಭಾಗವು ಕೂಲಿಯವರ ಗುದ್ದಲಿಗೆ ಋಣಿಯಾಗಿದೆ. ಹಳೆಯ ಕೊಳವೆಯ ಹಾದಿಯಲ್ಲಿ ಮಣ್ಣು ಈಗಾಗಲೇ ಕದಡಿದುದರಿಂದ ಅಲ್ಲಿ ಹೊಸದಾಗಿ ಕಳೆದುಹೋಗುವುದು ಅಲ್ಪವೆಂದು ಹೇಳಬಹುದು, ಅದು ನಿಜ. ಆದರೂ ನೆಲವನ್ನು ತೆರೆಯದ ಕಾಲದಲ್ಲಿ, ನೆಲದೊಳಗಿರುವುದನ್ನು ಕಣ್ಣಿನಿಂದ ಕಂಡು ದಾಖಲೆಯ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವು ಕುಗ್ಗುತ್ತದೆ. ಸಾಕ್ಷ್ಯದ ಭಾರವು ಮಣ್ಣಿನಿಂದ ಕಾಗದಕ್ಕೆ ವರ್ಗವಾಗುತ್ತದೆ.

ಆ ಕಾಗದವು ತಪ್ಪಾಗಿದ್ದರೆ ಏನಾದೀತೆಂಬುದು ಊಹೆಯ ಮಾತಲ್ಲ. 1999ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಲಾರ್ಕ್‌ಹಾಲ್ ಎಂಬ ಊರಿನಲ್ಲಿ ತುಕ್ಕುಹಿಡಿದ ಕಬ್ಬಿಣದ ಕೊಳವೆಯಿಂದ ಸೋರಿದ ಅನಿಲವು ಸ್ಫೋಟಿಸಿ, ಒಂದೇ ಮನೆಯ ನಾಲ್ವರು ಮಡಿದರು. ಕೊಳವೆಗಳ ದಾಖಲೆಗಳು ಸರಿಯಾಗಿರಲಿಲ್ಲವೆಂಬ ಸಂಗತಿಯೂ ಆ ಮೊಕದ್ದಮೆಯಲ್ಲಿ ಹೊರಬಿದ್ದಿತು. 2005ರಲ್ಲಿ ನ್ಯಾಯಾಲಯವು ಕೊಳವೆಗಳ ಒಡೆತನವಿದ್ದ ಸಂಸ್ಥೆಗೆ 1.5 ಕೋಟಿ ಪೌಂಡುಗಳ ದಂಡವನ್ನು ವಿಧಿಸಿತು. ಇದಕ್ಕೆ ಮುನ್ನವೇ, 2002ರಲ್ಲಿ, ಕಟ್ಟಡಗಳಿಂದ 30 ಮೀಟರಿನೊಳಗಿರುವ ಕಬ್ಬಿಣದ ಅನಿಲ ಕೊಳವೆಗಳನ್ನು 30 ವರ್ಷಗಳಲ್ಲಿ ಬದಲಿಸುವ ಯೋಜನೆಯು ಆರಂಭವಾಗಿತ್ತು. ಕಂದಕವಿಲ್ಲದ ವಿಧಾನಗಳು ಒದಗಿರದಿದ್ದರೆ ಅಷ್ಟು ವಿಸ್ತಾರವಾದ ಕಾರ್ಯವನ್ನು ಕೈಗೊಳ್ಳುವುದು ಇನ್ನೂ ದುಸ್ಸಾಧ್ಯವಾಗುತ್ತಿತ್ತು.

ಮೇಲಣ ವಿವೇಚನೆಯಿಂದ ಎರಡು ಅಂಶಗಳು ವಿದಿತವಾಗುತ್ತವೆ. ಕಂದಕವಿಲ್ಲದ ವಿಧಾನವು ಒಬ್ಬ ಶೋಧಕನ ಆಕಸ್ಮಿಕ ಕಲ್ಪನೆಯಲ್ಲ. ಹಿಂದಿನ ಶತಮಾನವು ಹೂಳಿದ ಕಬ್ಬಿಣ, ನಡುವೆ ಬದಲಾದ ಇಂಧನ, ಮೇಲೆ ಇಕ್ಕಟ್ಟಾದ ಬೀದಿ ಈ ಮೂರೂ ಕೂಡಿದಾಗ ಅದು ಅನಿವಾರ್ಯವಾಯಿತು. ಎರಡನೆಯದಾಗಿ, ಅಗೆಯದೆ ಕೆಲಸ ಮಾಡುವ ಪೀಳಿಗೆಯು ಹಿಂದಿನವರಿಗಿಂತ ಹೆಚ್ಚು ಎಚ್ಚರಿಕೆಯಿಂದ ಬರೆದಿಡಬೇಕಾಗಿದೆ. ನಗರಸಭೆಗಳ ನಕ್ಷೆಗಳನ್ನೂ ಕಾಮಗಾರಿಯ ಪುಸ್ತಕಗಳನ್ನೂ ನಾವು ಶಾಸನಗಳಂತೆಯೇ ಆಕರಗಳೆಂದು ಪರಿಗಣಿಸಿ, ಅವುಗಳನ್ನು ಓದುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಯುಕ್ತ. ಮುಂದೊಂದು ಕಾಲದಲ್ಲಿ ಯಾರಾದರೂ ಆ ಬೀದಿಗಳನ್ನು ಅಗೆದರೆ, ಪಾಲಿಎಥಿಲೀನ್ ಕೊಳವೆಯ ಸುತ್ತ ಕಬ್ಬಿಣದ ಚೂರುಗಳು ಹರಡಿರುವುದನ್ನು ಕಾಣುವರು. ಅವು ಅಲ್ಲಿಗೆ ಬಂದುದು ಹೇಗೆಂದು ಅವರಿಗೆ ತಿಳಿಸಬೇಕಾದುದು ನಮ್ಮ ಬರಹವೇ.