ಸೂಜಿ ಎಷ್ಟು ಆಳ ಹೋಗಬೇಕು?

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಲೋಕಲ್ ಟ್ರೇನಿನ ಹಿಡಿಕೆಗೆ ಜೋತುಬೀಳುವವರಿಗೆ ಭುಜದ ನೋವು ಹೊಸದೇನಲ್ಲ. ನನ್ನಾಕೆಗೂ ಬಂತು. ಪರಿಚಯದವರು ಹೇಳಿದರೆಂದು ಅಕ್ಯುಪಂಕ್ಚರ್ ಮಾಡಿಸಿದೆವು. ಮೂರನೇ ಸಲ ಬೆನ್ನಿಗೆ, ಭುಜಕ್ಕೆ ಚುಚ್ಚಿಸಿಕೊಂಡು ಬಂದ ಸಂಜೆ, ಸ್ಟೇಷನ್ನಿನ ಸೇತುವೆ ಹತ್ತುವಾಗ ಏದುಸಿರು, ಒಣಕೆಮ್ಮು. ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿತ್ತು. ನ್ಯೂಮೋಥೊರಾಕ್ಸ್ ಅಂದರು ಡಾಕ್ಟರು. ಪುಣ್ಯಕ್ಕೆ ಚಿಕ್ಕದು, ಕೆಲವು ದಿನಗಳಲ್ಲಿ ತಾನೇ ಇಂಗಿತು.

ಸೂಜಿ ಎಷ್ಟು ಆಳ ಹೋಗಿತ್ತು ಅಂತ ಚುಚ್ಚಿದವರನ್ನು ಕೇಳಿದೆ. "ಅದೆಲ್ಲ ಅಂದಾಜು ಸಾರ್, ಕೈಗೆ ಗೊತ್ತಾಗುತ್ತೆ" ಅಂದರು. ಬ್ಯಾಂಕಿನವನಿಗೆ ಅಂದಾಜು ಅಂದರೆ ಆಗಿಬರುವುದಿಲ್ಲ. ಲಿಮಿಟ್ ಅಂತ ಒಂದು ಇರಲೇಬೇಕಲ್ಲ? ಪುಸ್ತಕ ಹುಡುಕಿ ಕೂತೆ. ಲಿಮಿಟ್ ಇತ್ತು, ಅದೂ ಎರಡು ಸಾವಿರ ವರ್ಷದಿಂದ!

ಚೀನಾದ ಹಳೆಯ ವೈದ್ಯಗ್ರಂಥ 'ಹುವಾಂಗ್‌ದಿ ನೇಜಿಂಗ್' ಸುಮಾರು ಕ್ರಿಸ್ತಪೂರ್ವ ಕೊನೆಯ ಎರಡು ಶತಮಾನಗಳದ್ದು. ಅದರಲ್ಲಿ ಎಲ್ಲಿ ಚುಚ್ಚಬಾರದು ಅನ್ನುವುದಕ್ಕೇ ಒಂದು ಅಧ್ಯಾಯವಿದೆ. ಸೂಜಿ ಹೃದಯಕ್ಕೆ ತಗುಲಿದರೆ ಒಂದು ದಿನದಲ್ಲಿ ಸಾವು, ಶ್ವಾಸಕೋಶಕ್ಕೆ ತಗುಲಿದರೆ ಮೂರು ದಿನದಲ್ಲಿ. ಕೊರಳ ಎಲುಬಿನ ಮೇಲಿನ ಗುಳಿಯಲ್ಲಿ ಆಳಕ್ಕೆ ಚುಚ್ಚಿದರೆ ಒಳಗಿನ 'ಚೀ' ಸೋರಿಹೋಗಿ ರೋಗಿಗೆ ಏದುಸಿರು, ಕೆಮ್ಮು ಬರುತ್ತದೆ ಅಂತಲೂ ಇದೆ. ಓದುತ್ತಾ ಮೈ ಜುಮ್ಮೆಂದಿತು. ಸ್ಟೇಷನ್ನಿನ ಸೇತುವೆ ಮೇಲೆ ನಾನು ಕಂಡದ್ದೇ ಅಲ್ಲವೇ ಇದು!

ಅದೇ ಗ್ರಂಥದ ಇನ್ನೊಂದು ಭಾಗದಲ್ಲಿ ಖಾತೆಗೊಂದು ಲಿಮಿಟ್ ಬರೆದಿಟ್ಟ ಹಾಗೆ ಲೆಕ್ಕ ಕೊಟ್ಟಿದ್ದಾರೆ. ಕಾಲಿನ ನಾಡಿಮಾರ್ಗಗಳಲ್ಲಿ ಒಂದರಿಂದ ಆರು ಫೆನ್, ಕೈಯದಕ್ಕೆ ಎರಡು ಫೆನ್ ಮೀರಬಾರದು. ಹತ್ತು ಫೆನ್ ಸೇರಿದರೆ ಒಂದು ತ್ಸುನ್. ದಪ್ಪ ಇರುವವರಿಗೆ ಆಳ, ತೆಳ್ಳಗಿರುವವರಿಗೂ ಕೂಸುಗಳಿಗೂ ಮೇಲೆಮೇಲೆ.

ಲಿಮಿಟ್ ಮೀರಿದವರೂ ಇದ್ದರು. ವೈದ್ಯ ಹುವಾ ತುವೋನ ಶಿಷ್ಯ ಫಾನ್ ಆ. ಎದೆ, ಬೆನ್ನಿಗೆ ನಾಲ್ಕು ಫೆನ್‌ಗಿಂತ ಹೆಚ್ಚು ಇಳಿಸಬಾರದು ಅಂತ ಉಳಿದ ವೈದ್ಯರೆಲ್ಲ ಹೇಳುತ್ತಿದ್ದಾಗ ಈತ ಬೆನ್ನಿಗೆ ಒಂದೆರಡು ತ್ಸುನ್ ಇಳಿಸಿ ಗುಣ ಮಾಡುತ್ತಿದ್ದನಂತೆ. ಇದು 3ನೇ ಶತಮಾನದ ಇತಿಹಾಸಗ್ರಂಥ 'ಸಾನ್‌ಗುವೋ ಜೀ'ಯಲ್ಲಿದೆ.

ಈಗ ನಮ್ಮ ಲೆಕ್ಕ. ಹಾನ್ ವಂಶದ ಕಾಲದ ಒಂದು ತ್ಸುನ್ ಸುಮಾರು 23 ಮಿಲಿಮೀಟರ್. ಅಂದರೆ ನಾಲ್ಕು ಫೆನ್ ಒಂಬತ್ತು ಮಿಲಿಮೀಟರ್ ಚಿಲ್ಲರೆ. ಬೆನ್ನಿನ ಮೇಲ್ಭಾಗದ ಕೆಲವು ಕಡೆ ಚರ್ಮದಿಂದ ಶ್ವಾಸಕೋಶಕ್ಕೆ ಇರುವ ದೂರ 10ರಿಂದ 20 ಮಿಲಿಮೀಟರ್ ಅಷ್ಟೇ ಅನ್ನುತ್ತದೆ ಇವತ್ತಿನ ವೈದ್ಯಶಾಸ್ತ್ರ. ಎಕ್ಸ್‌ರೇ ಇಲ್ಲದ ಕಾಲದವರ ಟ್ಯಾಲಿ ಎಷ್ಟು ಸರಿಯಾಗಿ ಕೂತಿದೆ ನೋಡಿ.

ಭಾರತಕ್ಕೆ ಈ ಸೂಜಿಯನ್ನು ತಂದವರಲ್ಲಿ ಮುಖ್ಯರು ಕಲ್ಕತ್ತೆಯ ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿ ನಮ್ಮವರೂ ಬಹಳವಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಜೊತೆ ಇವರೂ ಇದ್ದರು. ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ವಿದ್ಯೆ ಕಲಿತು ಬಂದರು.

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಅಕ್ಯುಪಂಕ್ಚರ್ ತರಬೇತಿ, ಸುರಕ್ಷತೆ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಎದೆ, ಬೆನ್ನಿನ ವಿಷಯದಲ್ಲಿ ಅದೂ ಎಚ್ಚರ ಹೇಳುತ್ತದೆ. ಅನಾಹುತ ಅಪರೂಪ, ನಿಜ. ಆದರೆ ಅಪರೂಪ ಅಂದರೆ ಆಗುವುದೇ ಇಲ್ಲ ಅಂತಲ್ಲ.

ನನ್ನಾಕೆ ಈಗ ಆರಾಮ. ನಾನು ಸೂಜಿಯ ವಿರೋಧಿಯೂ ಅಲ್ಲ. ನೀವು ಹೋಗುವುದಿದ್ದರೆ ಚುಚ್ಚುವವರನ್ನು ಮೊದಲು ಒಂದು ಮಾತು ಕೇಳಿ: "ಎಷ್ಟು ಆಳ?" ಉತ್ತರ 'ಅಂದಾಜು' ಅಂತ ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ. ಏನಂತೀರಿ?