ಪೆಟ್ಟಿಗೆಯ ಗೋಡೆಯೂ ಭಾರ ಹೊರುತ್ತದೆ

ಹಂಡೆಗೆ ನೀರು ತುಂಬಿದಷ್ಟೂ ತಳದ ಮೇಲಿನ ಒತ್ತಡ ಹೆಚ್ಚುತ್ತದೆಂಬುದನ್ನು ನೀವು ಬಲ್ಲಿರಷ್ಟೆ. ಕಣಜದ ಕಾಳಿಗೂ ಇದೇ ನಿಯಮವೆ? ಹೌದೆಂದು ತೋರುವುದು ಸಹಜ. ಆದರೆ ನಿಜಾಂಶ ಬೇರೆ.

ಇದನ್ನು ತೂಗಿಯೇ ತೋರಿಸಿದವರು ಜರ್ಮನಿಯ ಬ್ರೆಮೆನ್ ನಗರದ ಎಂಜಿನಿಯರು ಯಾನ್ಸೆನ್. ಅವರು ಚಿಕ್ಕ ಮಾದರಿ ಕಣಜಗಳನ್ನು ಮಾಡಿ, ತಳವನ್ನು ಗೋಡೆಗಳಿಗೆ ಸೇರಿಸದೆ, ಅದರ ಮೇಲೆ ಬೀಳುವ ಭಾರವನ್ನು ತಕ್ಕಡಿಯಿಂದ ಅಳೆದರು. ಫಲಿತಾಂಶಗಳು 1895ರಲ್ಲಿ ಪ್ರಕಟವಾದವು. ಕಾಳು ಸುರಿದಂತೆಲ್ಲ ತಳದ ಭಾರ ಮೊದಲು ಬೇಗನೆ, ಬಳಿಕ ಮೆಲ್ಲಗೆ ಏರಿ, ಕೊನೆಗೆ ಹೆಚ್ಚುಕಡಿಮೆ ನಿಂತೇಬಿಟ್ಟಿತು. ಮಿಕ್ಕ ಭಾರ ಎಲ್ಲಿ ಹೋಯಿತು? ಕಾಳು ಪಕ್ಕಕ್ಕೆ ಒತ್ತಿ, ಘರ್ಷಣೆಯ ಮೂಲಕ ಅದನ್ನು ಗೋಡೆಗಳ ಹೆಗಲಿಗೇರಿಸಿತ್ತು. ಕಣಜ ಕಟ್ಟುವವರಿಗೆ ಇದೊಂದು ಅಮೂಲ್ಯವಾದ ಅರಿವು.

ಮಣ್ಣನ್ನು ಪರೀಕ್ಷಿಸುವವರಿಗಾದರೋ ಇದೇ ಅರಿವು ಎಚ್ಚರಿಕೆಯಾಯಿತು. ತಡೆಗೋಡೆ, ಅಡಿಪಾಯಗಳ ಗುಣವನ್ನು ತಿಳಿಯಲು ಪೆಟ್ಟಿಗೆಯಲ್ಲಿ ಮರಳು ತುಂಬಿ ಮಾದರಿ ಮಾಡುವುದುಂಟು. ಬಯಲಿನ ನೆಲಕ್ಕೆ ಅಂಚಿಲ್ಲ. ಪೆಟ್ಟಿಗೆಯ ಮರಳಿಗೆ ನಾಲ್ಕು ಕಡೆಯೂ ಅಂಚು. ಪಕ್ಕದ ಹಲಗೆಗಳು ಭಾರವನ್ನು ಹಂಚಿಕೊಂಡರೆ ತಡೆಗೋಡೆಯ ಮೇಲಿನ ಒತ್ತಡ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಅಡಿಪಾಯದ ಕೆಳಗಿಂದ ಸರಿಯಬೇಕಾದ ಮರಳನ್ನು ಹಲಗೆ ತಡೆದರೆ, ಮಣ್ಣು ತನಗಿಲ್ಲದ ಬಲವನ್ನು ತೋರುತ್ತದೆ. ಆ ಅಂಕಿಗಳನ್ನೇ ನಂಬಿ ಕಟ್ಟಿದ ಕಟ್ಟಡದ ಗತಿಯೇನು?

ಮೊದಲ ಮಹಾಯುದ್ಧದ ತರುವಾಯ ಕಾರ್ಲ್ ಟೆರ್ಜಾಗಿಯವರು ಇಸ್ತಾಂಬುಲಿನ ರಾಬರ್ಟ್ ಕಾಲೇಜಿನಲ್ಲಿ ಸಾಮಾನ್ಯ ಸಲಕರಣೆಗಳಿಂದಲೇ ಇಂಥ ಪ್ರಯೋಗಗಳನ್ನು ನಡೆಸಿದರು. ತಡೆಗೋಡೆ ಕೂದಲೆಳೆಯಷ್ಟು ಸರಿದರೂ ಮರಳಿನ ಒತ್ತಡ ಬದಲಾಗುವುದನ್ನು ಕಂಡರು. 1925ರಲ್ಲಿ ಅವರ ಪ್ರಸಿದ್ಧ ಗ್ರಂಥ ಹೊರಬಂದು ಮಣ್ಣಿನ ಬಲವಿಜ್ಞಾನಕ್ಕೆ ತಳಹದಿಯಾಯಿತು. ಆದರೂ ಚಿಕ್ಕ ಪೆಟ್ಟಿಗೆಯ ಸಾಕ್ಷ್ಯ ಅವರಿಗೆ ಸಾಲಲಿಲ್ಲ. 1929ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ದೊಡ್ಡ ತಡೆಗೋಡೆಯನ್ನೇ ನಿಲ್ಲಿಸಿ ಪರೀಕ್ಷಿಸಿದರು.

ಎಲ್ಲರಿಗೂ ಅಷ್ಟು ದೊಡ್ಡ ಏರ್ಪಾಡು ಸಾಧ್ಯವಿಲ್ಲವಷ್ಟೆ. ಆದಕಾರಣ ಪೆಟ್ಟಿಗೆಯನ್ನು ಮಾದರಿಗಿಂತ ಹಲವು ಪಟ್ಟು ಅಗಲವಾಗಿ ಮಾಡುವುದು, ಪಕ್ಕಗಳಿಗೆ ನುಣುಪಾದ ಗಾಜು ಹಾಕುವುದು, ಜಿಡ್ಡು ಸವರಿದ ರಬ್ಬರಿನ ಹಾಳೆ ಹೊದಿಸುವುದು ರೂಢಿಗೆ ಬಂದವು.

ಭೂಕಂಪದ ಪರೀಕ್ಷೆಯಲ್ಲಿ ತೊಡಕು ಇನ್ನೂ ಹೆಚ್ಚು. ಬರಿದಾದ ಕೋಣೆಯಲ್ಲಿ ನಿಮ್ಮ ದನಿ ಗೋಡೆಗೆ ತಾಗಿ ಮರಳುವಂತೆ, ಅಲುಗುವ ಪೆಟ್ಟಿಗೆಯಲ್ಲಿ ಕಂಪನದ ಅಲೆಗಳು ಗೋಡೆಗೆ ಬಡಿದು ಹಿಂದಿರುಗುತ್ತವೆ. ರೇಡಿಯೋ ಸ್ಟುಡಿಯೋದ ಗೋಡೆಗಳಿಗೆ ದನಿ ಹೀರುವ ಹೊದಿಕೆಯಿದೆ. ಮಣ್ಣಿನ ಪ್ರಯೋಗದಲ್ಲಿ ಒಂದರ ಮೇಲೊಂದು ಚೌಕಟ್ಟುಗಳನ್ನು ಪೇರಿಸಿ, ಮಣ್ಣಿನೊಡನೆ ಅವೂ ಸರಿಯುವಂತೆ ಮಾಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಂಥ ಪೆಟ್ಟಿಗೆಯಿಂದ ಪ್ರಯೋಗಗಳು ನಡೆದಿವೆ.

ಇಷ್ಟಾದರೂ ಗೋಡೆಯ ಪ್ರಭಾವ ಪೂರ್ಣವಾಗಿ ಅಳಿಯುವುದಿಲ್ಲ. ಅದನ್ನು ಅಳೆದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀವು ವಾಸಿಸುವ ಮನೆಯ ತಳದಲ್ಲಿ ಪೆಟ್ಟಿಗೆಯಿಲ್ಲ, ಬರಿಯ ನೆಲವಿದೆ. ಪರೀಕ್ಷೆ ಹೇಳಿದ ಮಾತು ಮಣ್ಣಿನದೋ ಪೆಟ್ಟಿಗೆಯದೋ ಎಂದು ಎಂಜಿನಿಯರು ಮತ್ತೆ ಮತ್ತೆ ಕೇಳಿಕೊಳ್ಳುವುದು ಅದಕ್ಕಾಗಿಯೇ.